ಯಾರ ಮನೇರವ್ವ ನೀನು?

ಅಡಿಕೆ ಕಾಲದಲ್ಲಿ ಚಿತ್ರದುರ್ಗ ಜಿಲ್ಲೆಯ ಹಿರೇಗುಂಟನೂರಿಗೆ ಹೋದರೆ ಹೆಂಗಸರನ್ನು ಅವರವರ ಮನೆಯಲ್ಲಿ ಹುಡುಕಬಾರದು. ಚೇಣಿ, ಅಂದರೆ ತೋಟದ ಫಸಲಿನ ಗುತ್ತಿಗೆ, ಹಿಡಿದವರ ಅಂಗಳದಲ್ಲಿ, ತಗಡಿನ ಶೆಡ್ಡಿನ ನೆರಳಲ್ಲಿ, ಅಡಿಕೆ ರಾಶಿಯ ಸುತ್ತ ಕೂತಿರುತ್ತಾರೆ. ಸುಲಿಯುವುದಕ್ಕೆ ಈಗ ಯಂತ್ರ ಬಂದಿದೆ. ಆದರೂ ಆರಿಸುವುದಕ್ಕೆ ಕಣ್ಣು, ಕೈ ಎರಡೂ ಬೇಕು. ಹಂಡೆಯಲ್ಲಿ ಬೇಯುವ ಅಡಿಕೆಯ ಒಗರು ವಾಸನೆ ಸೀರೆಗೆ ಹತ್ತಿದರೆ ಎರಡು ಒಗೆತಕ್ಕೂ ಹೋಗುವುದಿಲ್ಲ. ಆ ವಾಸನೆ ನನಗೆ ತವರಿನದು. ಭೀಮಸಮುದ್ರದ ಕೆರೆ ಏರಿ ದಾಟುವಾಗಲೇ ಬಸ್ಸಿನ ಕಿಟಕಿಯಿಂದ ಬಂದು ಮುಟ್ಟುತ್ತದೆ.

ಕಳೆದ ಕಾರ್ತೀಕದಲ್ಲಿ ಅಂಥ ಒಂದು ಶೆಡ್ಡಿಗೆ ಹೋಗಿದ್ದೆ. ಎಂಬತ್ತು ದಾಟಿದ ಅಜ್ಜಿಯೊಬ್ಬಳು ಮೊರ ಕೆಳಗಿಟ್ಟು, ಹಣೆಗೆ ಕೈ ಅಡ್ಡ ಹಿಡಿದು ನನ್ನ ಮುಖ ನೋಡಿ ಕೇಳಿದಳು: “ಯಾರ ಮನೇರವ್ವ ನೀನು?”

ನಮ್ಮ ಕಡೆ ಇದು ಕುಶಲಪ್ರಶ್ನೆ. ಹೆಸರು ಕೇಳುವುದು ಆಮೇಲೆ, ಕೆಲವೊಮ್ಮೆ ಕೇಳುವುದೇ ಇಲ್ಲ. ನಾನು ಅಪ್ಪನ ಮನೆತನ ಹೇಳಿದೆ. ಅಜ್ಜಿಗೆ ಗುರುತು ಹತ್ತಿತು, ಕೂರುವುದಕ್ಕೆ ಚೀಲ ಹಾಸಿಕೊಟ್ಟಳು. ಆದರೆ ಆ ಪ್ರಶ್ನೆ ಕೇಳಿದಾಗಲೆಲ್ಲ ನನ್ನ ಮನಸ್ಸು ಸ್ವಲ್ಪ ಹೊತ್ತು ಬೇರೆಲ್ಲೋ ಹೋಗಿ ಬರುತ್ತದೆ. ಆ ದಿನ ಅದು ಸೀದಾ ಬ್ರೆಜಿಲ್ ದೇಶಕ್ಕೆ ಹೋಯಿತು. ಯಾಕೆ ಎನ್ನುವುದಕ್ಕೆ ನನ್ನ ಕತೆಯನ್ನು ತುಸು ಹೇಳಬೇಕು.

ನಾನು ಧಾರವಾಡದಲ್ಲಿ ಮಾನವಶಾಸ್ತ್ರ ಓದಿದವಳು. ಆ ವಿಷಯದಲ್ಲಿ ಎಂ.ಎ. ಮಾಡಿದ್ದೇನೆ ಅಂದರೆ ಊರಲ್ಲಿ ಯಾರಿಗೂ ಅದೇನೆಂದು ತಿಳಿಯುತ್ತಿರಲಿಲ್ಲ. “ಮನುಷ್ಯರನ್ನ ಓದೋದು” ಎಂದು ಅವ್ವ ನೆರೆಹೊರೆಗೆ ಹೇಳುತ್ತಿದ್ದಳು. ಅದಕ್ಕಿಂತ ಒಳ್ಳೆಯ ಅರ್ಥವಿವರಣೆ ನನಗೆ ಇವತ್ತಿಗೂ ಸಿಕ್ಕಿಲ್ಲ. ಮದುವೆಯಾಯಿತು. 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ಬಂತು, ನಮ್ಮ ಯಜಮಾನರು ಗೆದ್ದು ಪ್ರಧಾನರಾದರು. ಆವತ್ತಿನಿಂದ ನಾನು ಪ್ರಧಾನರ ಮನೆಯೋರು. ಬೆಳಗ್ಗೆ ಆರಕ್ಕೇ ಜಗಲಿ ತುಂಬುತ್ತಿತ್ತು. ಬೋರ್‌ವೆಲ್ ಕೈಪಂಪು ಕೆಟ್ಟವರು, ರೇಷನ್ ಕಾರ್ಡಿನವರು, ಗಡಿ ತಕರಾರಿನವರು. ಗಂಡಸರು ಜಗಲಿಯಲ್ಲಿ ಅವರ ಹತ್ತಿರ ಮಾತಾಡುತ್ತಿದ್ದರು, ಹೆಂಗಸರು ಹಿತ್ತಲ ಬಾಗಿಲಿನಿಂದ ಬಂದು ನನ್ನ ಹತ್ತಿರ ಮಾತಾಡುತ್ತಿದ್ದರು. ಎರಡೂ ಕಡೆ ಒಂದೇ ಕೈಪಂಪಿನ ಮಾತಾದರೂ ವಿಷಯ ಬೇರೆಯೇ. ಜಗಲಿಯಲ್ಲಿ ಅದು ಪಂಪು ರಿಪೇರಿಯ ಅರ್ಜಿ. ಹಿತ್ತಲಲ್ಲಿ ಅದು ಬೇರೆ ಕೇರಿಯ ಬಾವಿಗೆ ಹೋದರೆ ಯಾರು ಏನಂತಾರೆ, ಬಸುರಿ ಸೊಸೆ ಎಷ್ಟು ಕೊಡ ಹೊತ್ತಳು, ಅತ್ತೆ ಯಾಕೆ ಹೊರಲಿಲ್ಲ ಎನ್ನುವ ಇಡೀ ಸಂಸಾರ. ನಾನು ಅದನ್ನೆಲ್ಲ ಒಂದು ಉದ್ದದ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಯಾಕೆ ಬರೆಯುತ್ತೇನೆ ಎಂದು ಆಗ ಕೇಳಿದ್ದರೆ ಉತ್ತರ ಹೇಳಲಾಗುತ್ತಿರಲಿಲ್ಲ.

1996ರ ಗಣರಾಜ್ಯೋತ್ಸವದ ಬೆಳಗ್ಗೆ ಟಿ.ವಿ. ಮುಂದೆ ಕೂತಿದ್ದೆವು. ಆ ವರ್ಷ ದೆಹಲಿಯ ಮೆರವಣಿಗೆಗೆ ಮುಖ್ಯ ಅತಿಥಿಯಾಗಿ ಬಂದವರು ಬ್ರೆಜಿಲ್ ಅಧ್ಯಕ್ಷ ಫರ್ನಾಂಡೊ ಹೆನ್ರಿಕ್ ಕಾರ್ಡೊಸೊ. ಸಮಾಜಶಾಸ್ತ್ರದ ಪ್ರೊಫೆಸರ್ ಆಗಿದ್ದವರು ಎಂದು ತಿಳಿದಾಗ, ಕಾಲೇಜಿನಲ್ಲಿ ಅದೇ ವಿಷಯ ಪಾಠ ಮಾಡುತ್ತಿದ್ದ ನನಗೆ ಖುಷಿಯಾಗಿತ್ತು. ಅವರ ಹೆಂಡತಿ ರೂತ್ ಕಾರ್ಡೊಸೊ ಮಾನವಶಾಸ್ತ್ರಜ್ಞೆ ಎಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಮಗಳು ತಂದುಕೊಟ್ಟ ಒಂದು ಲೇಖನದಿಂದ. ಆ ರಾತ್ರಿ ಹಳೆಯ ಲೆಕ್ಕದ ಪುಸ್ತಕವನ್ನು ಅಟ್ಟದಿಂದ ಇಳಿಸಿದೆ.

ರೂತ್ ಹುಟ್ಟಿದ್ದು 1930ರ ಸೆಪ್ಟೆಂಬರ್‌ನಲ್ಲಿ, ಸಾವೊ ಪಾಲೊ ರಾಜ್ಯದ ಒಳನಾಡಿನ ಅರರಕ್ವಾರಾ ಎಂಬ ಊರಿನಲ್ಲಿ. ಓದುವುದಕ್ಕೆ ಸಾವೊ ಪಾಲೊ ವಿಶ್ವವಿದ್ಯಾಲಯಕ್ಕೆ ಬಂದರು. 1934ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯದಲ್ಲಿ ಮೊದಮೊದಲು ಪಾಠ ಮಾಡಲು ಫ್ರಾನ್ಸಿನಿಂದ ಬಂದವರಲ್ಲಿ ಮಾನವಶಾಸ್ತ್ರಜ್ಞ ಲೆವಿ ಸ್ಟ್ರಾಸ್ ಒಬ್ಬರು. ನಾವು ಧಾರವಾಡದಲ್ಲಿ ಪರೀಕ್ಷೆಗೆ ಉರು ಹೊಡೆದ ಹೆಸರು ಅದು. ಆ ವಿಶ್ವವಿದ್ಯಾಲಯದಲ್ಲೇ ರೂತ್‌ಗೆ ಫರ್ನಾಂಡೊ ಪರಿಚಯವಾಗಿ 1953ರಲ್ಲಿ ಮದುವೆಯಾದರು. ಗಂಡ ಒಂಬತ್ತು ತಿಂಗಳು ಚಿಕ್ಕವರು. ನಮ್ಮೂರಿನ ಹಿರಿಯರಾಗಿದ್ದರೆ ಆ ಜಾತಕ ಮುಂದಕ್ಕೆ ಹೋಗಲು ಬಿಡುತ್ತಿರಲಿಲ್ಲ.

ಅವರು ಅಧ್ಯಯನಕ್ಕೆ ಆರಿಸಿಕೊಂಡದ್ದು ಬ್ರೆಜಿಲ್‌ನ ಜಪಾನಿ ವಲಸಿಗರನ್ನು. ನನಗೆ ಬಹಳ ಹಿಡಿಸಿದ್ದು ಇದು. ಬ್ರೆಜಿಲ್‌ನ ಮಾನವಶಾಸ್ತ್ರ ಅಂದರೆ ಅಮೆಜಾನ್ ಕಾಡು, ಬಾಣ, ಗರಿ ಎಂದುಕೊಳ್ಳುತ್ತೇವೆ. ಈ ಹೆಣ್ಣುಮಗಳು ತರಕಾರಿ ಬೆಳೆದು ಪೇಟೆಗೆ ತರುವ, ಮಕ್ಕಳನ್ನು ಶಾಲೆಗೆ ಕಳಿಸುವ ಅಕ್ಕಪಕ್ಕದ ಸಂಸಾರಗಳನ್ನು ನೋಡಿದರು. 1908ರ ಜೂನ್ 18ರಂದು ಕಸಾತೊ ಮಾರು ಎಂಬ ಹಡಗು ಸ್ಯಾಂಟೋಸ್ ಬಂದರಿಗೆ ಬಂತು. ಅದರಲ್ಲಿ 781 ಮಂದಿ ಜಪಾನಿ ವಲಸಿಗರಿದ್ದರು. ಬಂದದ್ದು ಕಾಫಿ ತೋಟದ ಕೂಲಿಗೆ. ನಾಲ್ಕು ಕಾಸು ಕೂಡಿಸಿಕೊಂಡು ಕೆಲವೇ ವರ್ಷಗಳಲ್ಲಿ ಊರಿಗೆ ವಾಪಸಾಗುವ ಲೆಕ್ಕ. ಹೆಚ್ಚಿನವರು ವಾಪಸಾಗಲೇ ಇಲ್ಲ. ಇವತ್ತು ಜಪಾನಿನ ಹೊರಗೆ ಜಪಾನಿ ಮೂಲದವರು ಎಲ್ಲಕ್ಕಿಂತ ಹೆಚ್ಚಿರುವುದು ಬ್ರೆಜಿಲ್‌ನಲ್ಲಿ.

ಇಂಥವರು ತಮ್ಮದೇ ಯುವಕರ ಸಂಘಗಳನ್ನು ಕಟ್ಟಿಕೊಂಡಿದ್ದರು. ದೂರ ನಿಂತು ನೋಡಿದವರಿಗೆ ಇವರು ತಮ್ಮ ತಮ್ಮಲ್ಲೇ ಇರುತ್ತಾರೆ, ಬೆರೆಯುವುದಿಲ್ಲ ಅನ್ನಿಸುತ್ತಿತ್ತು. ರೂತ್ ತಮ್ಮ ಮೊದಲ ಪ್ರಬಂಧಕ್ಕೆ ಆ ಸಂಘಗಳನ್ನೇ ವಿಷಯ ಮಾಡಿಕೊಂಡು, ಹೊಸ ದೇಶದ ಬದುಕಿಗೆ ಹೊಂದಿಕೊಳ್ಳುವುದರಲ್ಲಿ ಅವು ಏನು ಕೆಲಸ ಮಾಡಿದವು ಎಂದು ಕೇಳಿದರು. 1972ರ ಡಾಕ್ಟರೇಟ್ ಪ್ರಬಂಧದಲ್ಲಿ ಕುಟುಂಬದ ಕಟ್ಟು ಮತ್ತು ಸಾಮಾಜಿಕ ಏಳಿಗೆಯ ನಂಟನ್ನು ಹಿಡಿದರು. ಹೊರಗಿನವರು ಹಳೆಯ ಕಟ್ಟುಪಾಡು ಅಂದುಕೊಂಡ ಮನೆತನವೇ ಆ ಜನ ಮೇಲೇರುವುದಕ್ಕೆ ಮೆಟ್ಟಿಲಾಗಿತ್ತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಜಿಲ್ಲೆಯ ಹಾಸ್ಟೆಲ್ಲುಗಳು. ದಾವಣಗೆರೆ, ಚಿತ್ರದುರ್ಗಗಳಲ್ಲಿ ಒಂದೊಂದು ಸಮುದಾಯಕ್ಕೂ ಒಂದೊಂದು ವಿದ್ಯಾರ್ಥಿನಿಲಯವಿತ್ತು. ನಮ್ಮ ಪಕ್ಕದ ಸಿರಿಗೆರೆಯ ಮಠದ ಉಚಿತ ಹಾಸ್ಟೆಲ್ಲಿನಲ್ಲಿ ಉಂಡು ಓದಿದವರು ನಮ್ಮ ಹೋಬಳಿಯಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ಜಾತಿ ಹಾಸ್ಟೆಲ್ಲು ಅಂದರೆ ಮೂಗು ಮುರಿಯುವವರನ್ನು ಬಲ್ಲೆ, ಅವರ ಮಾತಿನಲ್ಲಿ ನಿಜವೂ ಇದೆ. ಆದರೆ ಹೊಲ ಬಿಟ್ಟು ಬಂದ ಹುಡುಗ ಪೇಟೆಯಲ್ಲಿ ಮೊದಲ ರಾತ್ರಿ ಎಲ್ಲಿ ಮಲಗಬೇಕು? ಎರಡು ವರ್ಷ ಅಲ್ಲಿ ಕಾಲೂರಿದ ಮೇಲೆ ತಾನೇ ಅವನು ಎಲ್ಲರ ನಡುವೆ ಹೋಗಿ ನಿಲ್ಲುವುದು? ನಮ್ಮ ಹಾಸ್ಟೆಲ್ಲುಗಳ ಬಗ್ಗೆ ಇದೇ ಕಣ್ಣಿನಿಂದ ಒಂದು ದೊಡ್ಡ ಅಧ್ಯಯನ ಬರಬೇಕೆಂದು ನನಗೆ ಬಹಳ ಆಸೆ. ನನ್ನ ಕೈಲಿ ಆಗಲಿಲ್ಲ.

1964ರಲ್ಲಿ ಬ್ರೆಜಿಲ್‌ನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಕಾರ್ಡೊಸೊ ಕುಟುಂಬ ಚಿಲಿಗೆ ಹೋಯಿತು, ಅಲ್ಲಿಂದ ಫ್ರಾನ್ಸಿಗೆ. ಚಿಲಿಯಲ್ಲಿದ್ದಾಗ ಗಂಡ ಎಂಜೊ ಫಲೆಟ್ಟೊ ಜೊತೆ ಸೇರಿ ಲ್ಯಾಟಿನ್ ಅಮೆರಿಕದ ಪರಾವಲಂಬನೆ ಮತ್ತು ಅಭಿವೃದ್ಧಿಯ ಬಗ್ಗೆ ಬರೆದ ಪುಸ್ತಕ ಜಗತ್ತಿನ ಸಮಾಜಶಾಸ್ತ್ರ ತರಗತಿಗಳಿಗೆಲ್ಲ ಬಂತು, ನಾನೂ ಪಾಠ ಮಾಡಿದ್ದೇನೆ. ಅದೇ ಮನೆಯಲ್ಲಿ ಮೂರು ಮಕ್ಕಳಿದ್ದರು. 1968ರಲ್ಲಿ ವಾಪಸು ಬಂದರು. ಮರುವರ್ಷವೇ ಸೈನ್ಯದ ಸರ್ಕಾರ ಫರ್ನಾಂಡೊ ಅವರನ್ನು ವಿಶ್ವವಿದ್ಯಾಲಯದಿಂದ ಬಲವಂತವಾಗಿ ನಿವೃತ್ತಿ ಮಾಡಿ ಮನೆಗೆ ಕಳಿಸಿತು.

ಆ 1969 ನಮ್ಮ ದುರ್ಗದವರಿಗೂ ಮರೆಯದ ವರ್ಷ. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಎಸ್. ನಿಜಲಿಂಗಪ್ಪ ಪ್ರಧಾನಿ ಇಂದಿರಾ ಗಾಂಧಿಯವರನ್ನೇ ಪಕ್ಷದಿಂದ ಹೊರಹಾಕಿದರು, ಪಕ್ಷ ಎರಡಾಯಿತು. ರಾಷ್ಟ್ರನಾಯಕ ಎಂದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಅವರೇ. ಸೀಬಾರದಲ್ಲಿ ಅವರ ಸ್ಮಾರಕದ ಮುಂದೆ ಹಾಯುವಾಗಲೆಲ್ಲ ಬಸ್ಸಿನಲ್ಲಿ ಯಾರಾದರೊಬ್ಬರು ಅವರ ಸರಳತೆಯ ಒಂದು ಕತೆ ಹೇಳುತ್ತಾರೆ. ಅವರ ಬಗ್ಗೆ ನಾನು ನೂರು ಕತೆ ಕೇಳಿದ್ದೇನೆ. ಆ ಮನೆಯಲ್ಲಿ ಅಡುಗೆ ಮಾಡಿ, ಬಂದವರಿಗೆಲ್ಲ ಬಡಿಸಿದ ಅವರ ಮನೆಯವರ ಬಗ್ಗೆ ಕೇಳಿದ್ದು ಎರಡೋ ಮೂರೋ. ಆ ತಾಯಿ ಜಗಲಿಯ ಮಾತುಗಳನ್ನು ಒಳಗಿನಿಂದ ಹೇಗೆ ಕೇಳಿಸಿಕೊಂಡಿರಬಹುದು ಎಂದು ಯೋಚಿಸುತ್ತೇನೆ. ಬರೆದಿಟ್ಟಿದ್ದರೆ ಮೈಸೂರು ರಾಜ್ಯದ ರಾಜಕೀಯದ ಇನ್ನೊಂದು ಚರಿತ್ರೆಯೇ ನಮಗೆ ಸಿಗುತ್ತಿತ್ತು.

ರೂತ್ ಬರೆದಿಟ್ಟರು. ಎಪ್ಪತ್ತರ ದಶಕದಲ್ಲಿ ಗೆಳತಿ ಯೂನಿಸ್ ಡರ್ಹಮ್ ಜೊತೆ ಸೇರಿ ವಿದ್ಯಾರ್ಥಿಗಳನ್ನು ಸಾವೊ ಪಾಲೊ ನಗರದ ಅಂಚಿಗೆ ಕರೆದೊಯ್ದರು. ಹಳ್ಳಿಗಳಿಂದ ಬಂದವರು ಗೋಡೆ ಎಬ್ಬಿಸಿಕೊಂಡು ಬದುಕುತ್ತಿದ್ದ ಬಡಾವಣೆಗಳು. ಅಲ್ಲಿನ ಹೆಂಗಸರು ನೀರಿಗೆ, ಬಸ್ಸಿಗೆ, ಕೂಸುಗಳನ್ನು ನೋಡಿಕೊಳ್ಳುವ ಶಿಶುವಿಹಾರಕ್ಕೆ ಗುಂಪು ಕಟ್ಟಿಕೊಂಡು ಹೋಗಿ ಕೇಳುತ್ತಿದ್ದರು. ಆ ಕಾಲದ ವಿದ್ವಾಂಸರಿಗೆ ಇದರಲ್ಲಿ ಸರ್ಕಾರದ ವಿರುದ್ಧದ ದೊಡ್ಡ ಹೋರಾಟ ಮಾತ್ರ ಕಾಣಿಸಿತು. ರೂತ್ ಹತ್ತಿರ ಹೋಗಿ ನೋಡಿ ಬರೆದದ್ದು ಬೇರೆ: ಈ ಜನ ಸರ್ಕಾರದ ಜೊತೆ ಜಗಳವಾಡುತ್ತಾರೆ, ಅದರ ಜೊತೆಯೇ ಕೂತು ಮಾತುಕತೆಯನ್ನೂ ಆಡುತ್ತಾರೆ. ನಮ್ಮ ಹಿತ್ತಲ ಬಾಗಿಲಿನ ಹೆಂಗಸರನ್ನು ಕಂಡ ನನಗೆ ಇದು ಎಷ್ಟು ಸರಿ ಎಂದು ಗೊತ್ತು. ಬಿ.ಡಿ.ಓ. ಕಚೇರಿ ಮುಂದೆ ಖಾಲಿ ಕೊಡ ಇಟ್ಟು ಕೂಗಿದವಳೇ ಮರುದಿನ ಅದೇ ಕಚೇರಿಯ ಗುಮಾಸ್ತರ ಮನೆಗೆ ಹೋಗಿ, ಅವರ ಹೆಂಡತಿಗೆ ಎರಡು ಸೇರು ಅವರೆಕಾಯಿ ಕೊಟ್ಟು ಕಷ್ಟ ಹೇಳಿಕೊಂಡು ಬರುತ್ತಿದ್ದಳು. ಅದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಅವಳಿಗೆ ನೀರು ಬೇಕಿತ್ತು.

1986ರಲ್ಲಿ ರೂತ್ ಸಂಪಾದಿಸಿದ ಒಂದು ಪುಸ್ತಕ ಬಂತು. ಹೆಸರು ‘ಮಾನವಶಾಸ್ತ್ರದ ಸಾಹಸ’ ಎಂಬ ಅರ್ಥದ್ದು. ಅದರಲ್ಲಿನ ಅವರ ಲೇಖನ ಕ್ಷೇತ್ರಕಾರ್ಯದ ಅಪಾಯಗಳ ಬಗ್ಗೆ. ಬಡವರ ಮೇಲಿನ ಪ್ರೀತಿಯಿಂದ ಅವರ ಮನೆಗೆ ಹೋದವರು ಅವರು ಹೇಳಿದ್ದನ್ನೆಲ್ಲ ಹಾಗೇ ಬರೆದುಕೊಂಡು ಬಂದರೆ ಸಾಲದು, ಪ್ರೀತಿಯಿದೆ ಎಂದು ಪ್ರಶ್ನೆ ಬಿಡಬಾರದು ಎನ್ನುವುದು ಅದರ ಒತ್ತಾಯ. ಈ ಮಾತಿನ ಭಾರ ನನಗೆ ತಿಳಿದದ್ದು ಗೊಲ್ಲರಹಟ್ಟಿಯಲ್ಲಿ. ಕಾಡುಗೊಲ್ಲರ ಹಟ್ಟಿಯ ಮುಳ್ಳುಬೇಲಿಯ ಒಳಗೆ ಎಂಥ ಕಾವ್ಯವಿದೆ ಎನ್ನುವುದಕ್ಕೆ ಚಳ್ಳಕೆರೆ ತಾಲ್ಲೂಕು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾಕ್ಷಿ. ಅಕ್ಷರ ಬಾರದ ಆ ತಾಯಿಯ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ಕೊಟ್ಟಿತು. ಅದೇ ಹಟ್ಟಿಗಳಲ್ಲಿ ಮುಟ್ಟಾದವರನ್ನು, ಹೆತ್ತ ಬಾಣಂತಿಯನ್ನು ಊರಾಚೆ ಇರಿಸುವ ಪದ್ಧತಿಯಿತ್ತು, ಪೂರ್ತಿ ಹೋಗಿಲ್ಲ. ಹಸಿ ಬಾಣಂತಿಯನ್ನು ಚಳಿಯಲ್ಲಿ ಪುಟ್ಟ ಗುಡಿಸಲಿನಲ್ಲಿ ಕಂಡು ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಾಡನ್ನು ಪ್ರೀತಿಸಿದ್ದಕ್ಕಾಗಿ ಗುಡಿಸಲನ್ನು ಒಪ್ಪಬೇಕಿಲ್ಲ, ಗುಡಿಸಲನ್ನು ಕಂಡದ್ದಕ್ಕಾಗಿ ಹಾಡನ್ನು ಮರೆಯಬೇಕಿಲ್ಲ. ಎರಡನ್ನೂ ಒಟ್ಟಿಗೆ ಹಿಡಿದು ಕೂರುವುದು ಕಷ್ಟ. ನಮ್ಮ ಶಾಸ್ತ್ರ ಕಲಿಸಬೇಕಾದದ್ದು ಆ ಕಷ್ಟವನ್ನೇ ಎಂದು ನನ್ನ ನಂಬಿಕೆ.

ಇಷ್ಟು ದಿನ ಜನರ ನಡುವೆ ಕೂತು ಕೇಳಿಸಿಕೊಂಡ ಹೆಂಗಸು 1995ರ ಜನವರಿ 1ರಂದು ಅಧ್ಯಕ್ಷರ ಹೆಂಡತಿಯಾದರು. ಅಧಿಕಾರಕ್ಕೆ ಬರುವ ಮೊದಲು, ಹಣಕಾಸು ಮಂತ್ರಿಯಾಗಿದ್ದಾಗ ಫರ್ನಾಂಡೊ ರೂಪಿಸಿದ ಹೊಸ ನಾಣ್ಯ ‘ರಿಯಾಲ್’ ಯೋಜನೆ ಬೆಲೆಯೇರಿಕೆಗೆ ಕಡಿವಾಣ ಹಾಕಿ ಅವರಿಗೆ ಹೆಸರು ತಂದಿತ್ತು. ರೂತ್‌ಗೆ ‘ಪ್ರಥಮ ಮಹಿಳೆ’ ಎಂಬ ಪಟ್ಟವೇ ಹಿಡಿಸಲಿಲ್ಲ, ಅದನ್ನು ಮುಚ್ಚಿಟ್ಟುಕೊಳ್ಳಲೂ ಇಲ್ಲ. ಅಲ್ಲಿನ ಜನ ಅವರನ್ನು ‘ದೊನಾ ರೂತ್’ ಎಂದು ಕರೆದರು. ದೊನಾ ಅಂದರೆ ನಮ್ಮ ‘ಅಮ್ಮ’ನ ಹಾಗೆ, ಹೆಂಗಸಿನ ಸ್ವಂತ ಹೆಸರಿಗೆ ಸೇರಿಸುವ ಗೌರವ. ಗಂಡನ ಹೆಸರು, ಹುದ್ದೆ ಏನೂ ಬೇಕಿಲ್ಲ. ನಮ್ಮೂರಾಗಿದ್ದರೆ ರೂತಮ್ಮ ಅನ್ನುತ್ತಿದ್ದರು.

ಬ್ರೆಜಿಲ್‌ನಲ್ಲಿ ಅಧ್ಯಕ್ಷರ ಹೆಂಡತಿಗೆಂದೇ ಒಂದು ಕುರ್ಚಿ ಇತ್ತು. 1942ರಲ್ಲಿ, ಯುದ್ಧಕ್ಕೆ ಹೋದ ಸೈನಿಕರ ಮನೆಯವರಿಗೆ ನೆರವಾಗಲು ಆಗಿನ ಅಧ್ಯಕ್ಷರ ಪತ್ನಿ ಡಾರ್ಸಿ ವರ್ಗಸ್ ಕಟ್ಟಿದ ಸಂಸ್ಥೆಯ ಕುರ್ಚಿ ಅದು. ಬರುಬರುತ್ತಾ ಆ ಸಂಸ್ಥೆ ಬಡವರಿಗೆ ನೆರವು ಹಂಚುವ ದೊಡ್ಡ ಇಲಾಖೆಯೇ ಆಗಿಬಿಟ್ಟಿತ್ತು. ಹೊಸ ಸರ್ಕಾರ ಬರುತ್ತಲೇ ಅದನ್ನು ಮುಚ್ಚಿತು. ಅದರ ಜಾಗದಲ್ಲಿ ‘ಕಮ್ಯುನಿಡಾಡೆ ಸಾಲಿಡೇರಿಯಾ’ ಎಂಬ ಕಾರ್ಯಕ್ರಮ ಬಂತು, ಅದರ ಮಂಡಳಿಗೆ ರೂತ್ ಅಧ್ಯಕ್ಷೆ. ಕೊಡುವ ಕೈ ಮತ್ತು ಬೇಡುವ ಕೈ ಎಂಬ ಲೆಕ್ಕವನ್ನು ಬಿಟ್ಟು, ಈ ಊರಿನವರಿಗೆ ಈಗಾಗಲೇ ಏನು ಗೊತ್ತಿದೆ, ಯಾರ ಕೈಲಿ ಯಾವ ಕಸುಬಿದೆ, ಅದಕ್ಕೆ ಹೊರಗಿನಿಂದ ಯಾರು ಜೊತೆಯಾಗಬಹುದು ಎಂದು ಕೇಳುವುದು ಅದರ ದಾರಿ. ಮಾನವಶಾಸ್ತ್ರ ಓದಿದವರು ಇದರಲ್ಲಿ ಕ್ಷೇತ್ರಕಾರ್ಯದ ನಡೆಯನ್ನು ಗುರುತು ಹಿಡಿಯಬಲ್ಲರು.

ವಿಶ್ವವಿದ್ಯಾಲಯಗಳ ಹುಡುಗ ಹುಡುಗಿಯರು ಮೇಷ್ಟ್ರ ಜೊತೆ ಬಡ ಊರುಗಳಿಗೆ ಹೋಗಿ ವಾರಗಟ್ಟಲೆ ಇದ್ದು ಬಂದರು. 1997ರಲ್ಲಿ ದೊಡ್ಡವರ ಅಕ್ಷರ ಕಲಿಕೆ ಶುರುವಾಯಿತು. ಓದು ಬರಹ ತೀರಾ ಕಡಿಮೆ ಇದ್ದ ಊರುಗಳನ್ನು ಹುಡುಕಿ, ಅಲ್ಲಲ್ಲಿನ ಯುವಕ ಯುವತಿಯರಿಗೇ ತರಬೇತಿ ಕೊಟ್ಟು ಪಾಠಕ್ಕೆ ಹಚ್ಚಿದರು. ನಮ್ಮಲ್ಲೂ ತೊಂಬತ್ತರ ದಶಕ ಸಾಕ್ಷರತಾ ಆಂದೋಲನದ್ದು. ರಾತ್ರಿ ಊಟ ಮುಗಿಸಿ ಬಂದ ಹೆಂಗಸರಿಗೆ ಬೀದಿ ದೀಪದ ಕೆಳಗೆ ನಾನು ಪಾಠ ಹೇಳಿದ್ದೇನೆ. ನಲವತ್ತು ವರ್ಷದ ಕೈ ಬಳಪ ಹಿಡಿದಾಗ ಅದು ಕುಡುಗೋಲು ಹಿಡಿದ ಹಾಗೇ ಹಿಡಿಯುತ್ತದೆ, ಸ್ಲೇಟಿನ ಮೇಲೆ ಕೀರ್ ಎನ್ನುತ್ತದೆ. ನಮಗೆ ಮೊದಲು ಕಲಿಸಲು ಹೇಳಿದ್ದು ಬೇರೆ ಅಕ್ಷರ, ಅವರು ಮೊದಲು ಕಲಿಸು ಎಂದು ಕೇಳಿದ್ದು ತಮ್ಮ ಹೆಸರು. ನಾನು ಹೆಸರನ್ನೇ ಮೊದಲು ಕಲಿಸಿದೆ. ಹೆಬ್ಬೆಟ್ಟು ಒತ್ತುತ್ತಿದ್ದ ಒಬ್ಬಾಕೆ ತನ್ನ ಹೆಸರನ್ನು ಮನೆಯ ಗೋಡೆ, ಬಾಗಿಲು, ಹಗೇವಿನ ಕಲ್ಲಿನ ಮೇಲೆಲ್ಲ ಬರೆದಿಟ್ಟಿದ್ದಳು.

1998ರಲ್ಲಿ ಬ್ರೆಜಿಲ್‌ನ ಈಶಾನ್ಯದಲ್ಲಿ ಬರ ಬಿತ್ತು. ಆಗ ರೂತ್ ಬಳಗ ಕೈಕಸುಬಿನವರ ಜೊತೆ ಕೆಲಸ ಆರಂಭಿಸಿತು: ಕಸೂತಿ, ಲೇಸು, ಮಣ್ಣು, ಮರ. ಬರ ಎಂದರೇನು ಎಂದು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. ಬರಗಾಲದ ಕಾಮಗಾರಿ ಎಂದರೆ ಕಲ್ಲು ಒಡೆಯುವುದು, ಮಣ್ಣು ಹೊರುವುದು. ಚಳ್ಳಕೆರೆಯ ಕಂಬಳಿ ನೇಯುವವನೂ, ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವನೂ ಅಲ್ಲಿ ಮಣ್ಣೇ ಹೊರಬೇಕು. ಅವನ ಬೆರಳಿನ ವಿದ್ಯೆಯನ್ನೇ ಬರದ ಕೆಲಸವಾಗಿ ಎಣಿಸಬಹುದು ಎಂದು ಸರ್ಕಾರದ ಪಕ್ಕ ಕೂತ ಒಬ್ಬರು ಹೇಳಿದ್ದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ. ನಮ್ಮ ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು ಸ್ವಾತಂತ್ರ್ಯ ಬಂದಾಗಿನಿಂದ ಹೇಳುತ್ತಿದ್ದದ್ದೂ ಇದನ್ನೇ. ಇವರಿಬ್ಬರೂ ಒಂದು ಮಧ್ಯಾಹ್ನ ಎದುರುಬದುರು ಕೂತಿದ್ದರೆ ಎಷ್ಟು ಮಾತಾಡುತ್ತಿದ್ದರೋ.

ಗಂಡನ ಎರಡು ಅವಧಿ ಮುಗಿದು 2003ರಲ್ಲಿ ಅರಮನೆ ಬಿಟ್ಟ ಮೇಲೂ ರೂತ್ ಕೆಲಸ ನಿಲ್ಲಿಸಲಿಲ್ಲ. ಪಟ್ಟ ಗಂಡನದು, ಕೆಲಸ ಇವರದು. 2008ರ ಜೂನ್‌ನಲ್ಲಿ ಕಸಾತೊ ಮಾರು ಹಡಗಿನ ನೂರನೇ ವರ್ಷದ ಸಮಾರಂಭಗಳು ನಡೆದವು, ಜಪಾನಿನ ಯುವರಾಜರೂ ಬಂದಿದ್ದರು. ಹಡಗಿನ ದಿನ ಕಳೆದು ಆರನೆಯ ದಿನ, ಜೂನ್ 24ರಂದು, ಆ ಹಡಗಿನವರ ಮಕ್ಕಳು ಮೊಮ್ಮಕ್ಕಳ ಬದುಕನ್ನು ಬರೆದ ಹೆಂಗಸು ಸಾವೊ ಪಾಲೊದಲ್ಲಿ ತೀರಿಕೊಂಡರು. ಎಪ್ಪತ್ತೇಳು ವರ್ಷ. ಗಂಡನನ್ನು ಚುನಾವಣೆಗಳಲ್ಲಿ ಎದುರಿಸಿದ್ದ, ಆಗ ಅಧ್ಯಕ್ಷರಾಗಿದ್ದ ಲೂಲಾ ಅಂತಿಮ ದರ್ಶನಕ್ಕೆ ಬಂದು ಫರ್ನಾಂಡೊ ಅವರನ್ನು ತಬ್ಬಿಕೊಂಡರು. ಒಂಬತ್ತು ವರ್ಷದ ಮೇಲೆ ಲೂಲಾ ಅವರ ಪತ್ನಿ ಆಸ್ಪತ್ರೆಯಲ್ಲಿ ಕೊನೆಯ ಗಳಿಗೆಯಲ್ಲಿದ್ದಾಗ ಫರ್ನಾಂಡೊ ಹೋಗಿ ನಿಂತರು. ಸಾವಿನ ಮನೆಗೆ ಜಗಳ ಬಿಟ್ಟು ಹೋಗಬೇಕೆಂದು ನಮ್ಮ ಅವ್ವನೂ ಹೇಳುತ್ತಿದ್ದಳು.

ಶೆಡ್ಡಿನ ಅಜ್ಜಿಗೆ ಇಷ್ಟನ್ನೂ ಹೇಳಲಿಲ್ಲ. ನಾನು ಸುಮ್ಮನೆ ಕೂತದ್ದು ನೋಡಿ ಆಕೆಯೇ “ಏನ್ ಯೋಚ್ನೆ ಮಾಡ್ತೀಯವ್ವ?” ಎಂದಳು. ಹಡಗಿನ ಕತೆ ಮಾತ್ರ ಹೇಳಿದೆ: ಜಪಾನಿನಿಂದ ಬಂದವರು, ಕಾಫಿ ತೋಟ, ಕೂಲಿ, ಅವರ ಬಗ್ಗೆ ಪುಸ್ತಕ ಬರೆದ ರೂತಮ್ಮ ಎಂಬ ಒಬ್ಬಾಕೆ.

ಅಜ್ಜಿಯ ಕೈ ನಿಂತಿತು. “ಕಾಫಿ ಹಣ್ಣು ಬಿಡಿಸಾಕೆ ಹಡಗು ಹತ್ತಿ ಹೋದ್ರಾ? ಹೋದೋರು ವಾಪಸ್ ಬಂದ್ರಾ?”

“ಸುಮಾರು ಜನ ಬರಲಿಲ್ಲ ಅಜ್ಜಿ. ಎರಡು ಮೂರು ವರ್ಷ ಇದ್ದು ಬರಾನ ಅಂತ ಹೋಗಿದ್ರು.”

“ಹಂಗೇ ಆಗೋದು” ಎಂದಳು ಅಜ್ಜಿ. “ಬರಗಾಲ್ದಾಗೆ ನಾವೂ ಚಿಕ್ಕಮಗ್ಳೂರು ಕಡೆ ತ್ವಾಟಕ್ಕೆ ಹೋಗಿದ್ವಿ. ಒಂದು ಬ್ಯಾಸಿಗೆ ಕಳ್ದು ಬರಾನ ಅಂತ. ಹನ್ನೊಂದು ವರ್ಸ ಇದ್ವಿ. ದೊಡ್ಡೋನು ಅಲ್ಲೇ ಹುಟ್ಟಿದ್ದು, ಲೈನ್ ಮನ್ಯಾಗೆ. ಆವತ್ತು ಏನ್ ಮಳೆ ಅಂತೀ...”

ಮೊರವನ್ನು ಪಕ್ಕಕ್ಕೆ ಸರಿಸಿ ಕಾಲು ಚಾಚಿ ಕೂತಳು. ನಾನು ಚೀಲದಿಂದ ಪುಸ್ತಕ ತೆಗೆದೆ. ಮೇಲೆ ತಾರೀಖು ಬರೆದು, “ಅಜ್ಜಿ, ನಿನ್ನ ಹೆಸರು ಹೇಳು ಮೊದಲು” ಎಂದೆ.